‘ನೀವು ಅವರಿಗೆ ಏನಾಗಬೇಕು?’: ಅಂತರಿಕ್ಷದಲ್ಲೂ ತಪ್ಪದ ಪ್ರಶ್ನೆ

‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಎಂಟರ್‌ಪ್ರೈಸ್ ಹಡಗಿನಲ್ಲಿ ಸಾವಿರಕ್ಕೂ ಮೀರಿ ಜನ ಇದ್ದಾರೆ. ಶಾಲೆ ಇದೆ, ಕ್ಷೌರದಂಗಡಿ ಇದೆ, ಗಿಡಮರಗಳ ತೋಟ ಇದೆ. ಏನು ತಿನ್ನಬೇಕು ಅಂತ ಬಾಯಲ್ಲಿ ಹೇಳಿದರೆ ಸಾಕು, ಗೋಡೆಯೊಳಗಿನ ಯಂತ್ರ ಬಿಸಿಬಿಸಿಯಾಗಿ ತಯಾರಿಸಿ ಮುಂದಿಡುತ್ತದೆ. ಬೆಳಕಿಗಿಂತ ವೇಗವಾಗಿ ಓಡುವ ಎಂಜಿನ್ ಇದೆ. 1987ರಲ್ಲಿ ಶುರುವಾದ, ಕಥೆಯ ಲೆಕ್ಕದಲ್ಲಿ 24ನೇ ಶತಮಾನದಲ್ಲಿ ನಡೆಯುವ ಈ ಧಾರಾವಾಹಿಯ ಒಂದು ಹೊಸತನ ಅಂದರೆ, ಸಿಬ್ಬಂದಿ ತಮ್ಮ ಸಂಸಾರವನ್ನೂ ಕಟ್ಟಿಕೊಂಡು ಬಾಹ್ಯಾಕಾಶಕ್ಕೆ ಹೊರಡುತ್ತಾರೆ.

ಆದರೆ ಸಂಸಾರ ಅಂದರೆ ಯಾರು? ಗಂಡ, ಹೆಂಡತಿ, ಒಂದು ಮಗು. ಇಲ್ಲವೇ ಗಂಡನನ್ನು ಕಳೆದುಕೊಂಡ ಡಾಕ್ಟರ್ ಮತ್ತು ಅವಳ ಮಗ. ಏಳು ಸೀಸನ್‌ಗಳಲ್ಲಿ ನಾವು ಹತ್ತಿರದಿಂದ ನೋಡುವ ಯಾವ ಮನೆಯಲ್ಲೂ ಅಜ್ಜಿ ವಾಸವಿಲ್ಲ. ವೋರ್ಫ್ ಎಂಬ ಅಧಿಕಾರಿಯ ಮಗನನ್ನು ಅವನ ಸಾಕುತಂದೆ-ತಾಯಿ ಭೂಮಿಯಲ್ಲಿ ಇಟ್ಟುಕೊಂಡು ಬೆಳೆಸುತ್ತಾರೆ. ಕೊನೆಗೆ, ನಮಗೆ ವಯಸ್ಸಾಯ್ತು, ಇನ್ನು ಆಗೋದಿಲ್ಲ ಅಂತ ಹಡಗಿಗೆ ತಂದು ಬಿಟ್ಟು ಹೋಗುತ್ತಾರೆ. ನಮ್ಮಲ್ಲಾದರೆ ಅಜ್ಜಿ-ತಾತನೂ ಲಗೇಜ್ ಸಮೇತ ಅಲ್ಲೇ ಉಳಿದುಬಿಡುತ್ತಿದ್ದರು ಅನ್ನೋದು ಬೇರೆ ಮಾತು.

ಅಂದರೆ, ಮುನ್ನೂರೈವತ್ತು ಚಿಲ್ಲರೆ ವರ್ಷ ಮುಂದಕ್ಕೆ ಹಾರಿದ ಆ ಹಡಗಿನೊಳಗಿನ ಮನೆ 1987ರ ಅಮೆರಿಕದ ಬಡಾವಣೆಯ ಮನೆಯೇ. ಎಂಜಿನ್ ಬದಲಾಯಿತು, ಅಡುಗೆಮನೆ ಬದಲಾಯಿತು, ಯಾರು ಯಾರಿಗೆ ಏನಾಗಬೇಕು ಅನ್ನೋದು ಬದಲಾಗಲಿಲ್ಲ.

ನಾನು ಎಂಜಿನಿಯರಿಂಗ್ ಓದಿದವಳು, ಕೆಲಸ ಸಾಫ್ಟ್‌ವೇರ್‌ನಲ್ಲಿ. ವೈಜ್ಞಾನಿಕ ಧಾರಾವಾಹಿ ನೋಡುವಾಗ ಮೊದಮೊದಲು ಯಂತ್ರಗಳ ಕಡೆಗೇ ಕಣ್ಣು ಹೋಗುತ್ತಿತ್ತು. ಈಗ ಮನೆಗಳ ಕಡೆ ಹೋಗುತ್ತದೆ. ಯಂತ್ರವನ್ನು ಕಲ್ಪಿಸಿಕೊಳ್ಳೋದು ಸುಲಭ, ಅದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಇಬ್ಬರು ಗಂಡಸರು ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದಾರೆ ಅಂತ ಕಲ್ಪಿಸಿದರೆ ಮಾತ್ರ ಟಿವಿ ಸ್ಟೇಷನ್‌ಗೆ ಫೋನ್ ಬರುತ್ತದೆ.

ಹಳೆಯ ‘ಸ್ಟಾರ್ ಟ್ರೆಕ್’ 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂತು. ಅದರ ಬಗ್ಗೆ ಎಲ್ಲರೂ ಹೇಳುವ ಒಂದು ಕಥೆ ಇದೆ. 1968ರ ನವೆಂಬರ್‌ನಲ್ಲಿ ಬಿಳಿಯ ಕ್ಯಾಪ್ಟನ್ ಕರ್ಕ್ ಮತ್ತು ಕಪ್ಪು ವರ್ಣದ ಅಧಿಕಾರಿ ಉಹೂರಾ ಮುತ್ತಿಟ್ಟುಕೊಂಡರು, ಅಮೆರಿಕದ ಟಿವಿಯಲ್ಲಿ ಅದೇ ಮೊದಲು ಅಂತ. ಮೊದಲು ಅನ್ನೋದು ಪೂರ್ತಿ ಸರಿಯಲ್ಲ, ಆದರೆ ಧೈರ್ಯದ ಕೆಲಸವಂತೂ ಹೌದು. ಬೇರೆ ಬೇರೆ ಜನಾಂಗದವರು ಮದುವೆಯಾಗುವುದು ಅಪರಾಧ ಅನ್ನುವ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿ ಆಗಿನ್ನೂ ಒಂದೂವರೆ ವರ್ಷ ಕೂಡ ಆಗಿರಲಿಲ್ಲ. ಆದರೆ ಕಥೆಯೊಳಗೆ ಆ ಮುತ್ತು ಹೇಗೆ ಬರುತ್ತದೆ ನೋಡಿ. ಅನ್ಯಗ್ರಹದವರು ಮನಸ್ಸಿನ ಶಕ್ತಿಯಿಂದ ಇಬ್ಬರನ್ನೂ ಗೊಂಬೆಗಳ ಹಾಗೆ ಆಡಿಸಿ ಮಾಡಿಸುವ ಕೆಲಸ ಅದು. ಇಬ್ಬರೂ ಬೇಕು ಅಂತ ಮಾಡಿದ್ದಲ್ಲ. ತಪ್ಪಿಸಿಕೊಳ್ಳೋದಕ್ಕೆ ಒಂದು ಹಿತ್ತಲ ಬಾಗಿಲು ಇಟ್ಟುಕೊಂಡೇ ತೋರಿಸಿದ್ದು. ಅದೇ ಧಾರಾವಾಹಿಯ ಕೊನೆಯ ಕಂತು 1969ರ ಜೂನ್‌ನಲ್ಲಿ ಬಂತು. ಹೆಣ್ಣಾದ ಕಾರಣಕ್ಕೆ ಕ್ಯಾಪ್ಟನ್ ಆಗಲಾರದವಳೊಬ್ಬಳು ಕರ್ಕ್‌ನ ಜೊತೆ ದೇಹವನ್ನೇ ಅದಲುಬದಲು ಮಾಡಿಕೊಳ್ಳುವ ಕಥೆ. ಮರು ತಿಂಗಳು ಮನುಷ್ಯ ನಿಜಕ್ಕೂ ಚಂದ್ರನ ಮೇಲೆ ಕಾಲಿಟ್ಟ. ಹಡಗು ನಡೆಸುವ ಹೆಣ್ಣು ಮಾತ್ರ 23ನೇ ಶತಮಾನಕ್ಕೂ ಜೀರ್ಣವಾಗಲಿಲ್ಲ.

ಇಪ್ಪತ್ತು ವರ್ಷ ಆದ ಮೇಲೆ ಬಂದ ‘ನೆಕ್ಸ್ಟ್ ಜನರೇಷನ್’ ಒಂದೇ ವಾಹಿನಿಯ ಸೊತ್ತಾಗಿರಲಿಲ್ಲ. ದೇಶದ ಸ್ಥಳೀಯ ಸ್ಟೇಷನ್‌ಗಳಿಗೆ ಒಂದೊಂದಾಗಿ ಮಾರುತ್ತಿದ್ದರು. ಮಕ್ಕಳೂ ನೋಡುವ ಹೊತ್ತಿಗೆ ಅದನ್ನು ಹಾಕುವ ಸ್ಟೇಷನ್‌ಗಳಿದ್ದವು. ಹಾಗಾಗಿ ಭಯವೂ ಹೆಚ್ಚು. ಶುರುವಿನಲ್ಲೇ ಡೇವಿಡ್ ಜೆರಾಲ್ಡ್ ಎಂಬ ಬರಹಗಾರ ‘ಬ್ಲಡ್ ಆ್ಯಂಡ್ ಫೈರ್’ ಅನ್ನುವ ಕಂತು ಬರೆದುಕೊಟ್ಟರು. ಹಳೆಯ ಧಾರಾವಾಹಿಯ ಅತಿ ಜನಪ್ರಿಯ ಕಂತುಗಳಲ್ಲೊಂದಾದ ಟ್ರಿಬಲ್‌ಗಳ ಕಥೆ ಬರೆದವರು ಇವರೇ. ಹೊಸ ಕಂತಿನಲ್ಲಿ ಏಡ್ಸ್ ಅನ್ನು ನೆನಪಿಸುವ ಸೋಂಕು ಇತ್ತು, ಜೋಡಿಯಾಗಿ ಬಾಳುತ್ತಿದ್ದ ಇಬ್ಬರು ಗಂಡಸರಿದ್ದರು. ಆ ಕಂತನ್ನು ಧಾರಾವಾಹಿಯವರು ಕೊನೆಗೂ ಚಿತ್ರಿಸಲಿಲ್ಲ. ಅಭಿಮಾನಿಗಳೇ ಎಷ್ಟೋ ವರ್ಷಗಳ ನಂತರ ಅದನ್ನು ತೆಗೆದರು.

ನೇರವಾಗಿ ಹೇಳಲಾಗದ್ದನ್ನು ಸುತ್ತಿಬಳಸಿ ಹೇಳೋದು ವೈಜ್ಞಾನಿಕ ಕಥೆಗೆ ಚೆನ್ನಾಗಿ ಗೊತ್ತು. 1991ರಲ್ಲಿ ‘ದ ಹೋಸ್ಟ್’ ಅಂತ ಒಂದು ಕಂತು ಬಂತು. ಟ್ರಿಲ್ ಅನ್ನುವ ಜನಾಂಗವನ್ನು ಮೊದಲು ಪರಿಚಯಿಸಿದ್ದು ಅದೇ. ಟ್ರಿಲ್‌ಗಳಲ್ಲಿ ಕೆಲವರ ಹೊಟ್ಟೆಯೊಳಗೆ ಹುಳುವಿನಂಥ ಇನ್ನೊಂದು ಜೀವಿ ವಾಸವಾಗಿರುತ್ತದೆ. ಬುದ್ಧಿ, ನೆನಪು, ಪ್ರೀತಿ ಎಲ್ಲ ಅದರದ್ದೂ ಹೌದು. ಹೊರಗಿನ ದೇಹ ಸತ್ತರೆ ಅದನ್ನು ತೆಗೆದು ಇನ್ನೊಬ್ಬರ ದೇಹಕ್ಕೆ ಸೇರಿಸುತ್ತಾರೆ. ನೂರಾರು ವರ್ಷ ಬದುಕುತ್ತದೆ. ಹಡಗಿನ ಡಾಕ್ಟರ್ ಬೆವರ್ಲಿ ಕ್ರಷರ್ ಅಂಥ ಒಬ್ಬ ರಾಯಭಾರಿಯನ್ನು ಪ್ರೀತಿಸುತ್ತಾಳೆ. ಅವನ ದೇಹ ಸಾಯುತ್ತದೆ. ಬಂದ ಹೊಸ ದೇಹ ಹೆಣ್ಣಿನದ್ದು. ಡಾಕ್ಟರ್ ಹಿಂದೆ ಸರಿಯುತ್ತಾಳೆ, ಮನುಷ್ಯರ ಪ್ರೀತಿಗೆ ಇನ್ನೂ ಇಷ್ಟು ದೂರ ಬರಲು ಆಗುತ್ತಿಲ್ಲ ಅನ್ನುವ ಅರ್ಥದ ಮಾತು ಹೇಳಿ. ಮರುವರ್ಷ ಬಂದ ‘ದಿ ಔಟ್‌ಕಾಸ್ಟ್’ ಇನ್ನೊಂದು ದಿಕ್ಕಿನಿಂದ ಬಂತು. ಗಂಡು-ಹೆಣ್ಣು ಭೇದವೇ ಇಲ್ಲದ ಜನಾಂಗ, ಅದರಲ್ಲಿ ಸೋರೆನ್ ಎಂಬ ವ್ಯಕ್ತಿಗೆ ತಾನು ಹೆಣ್ಣು ಅನ್ನಿಸುತ್ತದೆ, ಹಡಗಿನ ಅಧಿಕಾರಿ ರೈಕರ್ ಮೇಲೆ ಪ್ರೀತಿ ಹುಟ್ಟುತ್ತದೆ. ಹಿಡಿದು ವಿಚಾರಣೆ ಮಾಡಿ, ಚಿಕಿತ್ಸೆ ಕೊಟ್ಟು ‘ಸರಿ’ ಮಾಡಿಬಿಡುತ್ತಾರೆ. ಸೋರೆನ್ ಪಾತ್ರಕ್ಕೆ ಹಾಕಿದ್ದು ನಟಿಯನ್ನು. ಗಂಡು ನಟನನ್ನು ಹಾಕಬೇಕಿತ್ತು ಅಂತ ರೈಕರ್ ಪಾತ್ರ ಮಾಡಿದ ಜೊನಾಥನ್ ಫ್ರೇಕ್ಸ್ ಅವರೇ ಆಮೇಲೆ ಹೇಳಿದ್ದಾರೆ. ಸರಿಯಾದ ಮಾತು. ಪರದೆಯ ಮೇಲೆ ಕಾಣೋದು ಒಬ್ಬ ಗಂಡು, ಒಬ್ಬ ಹೆಣ್ಣು. ನೋಡುವವರಿಗೆ ಕಸಿವಿಸಿಯೇ ಆಗದ ಹಾಗೆ ವ್ಯವಸ್ಥೆ ಮಾಡಿದರೆ ಕಥೆ ಹೇಳಿ ಏನು ಬಂತು?

ಈ ಸಾಲಿನಲ್ಲಿ ನನಗೆ ತುಂಬಾ ಇಷ್ಟವಾದದ್ದು 1995ರ ಅಕ್ಟೋಬರ್‌ನಲ್ಲಿ ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯಲ್ಲಿ ಬಂದ ‘ರಿಜಾಯಿನ್ಡ್’. ಮತ್ತೆ ಅದೇ ಟ್ರಿಲ್‌ಗಳು. ಜಾಡ್ಜಿಯಾ ಡ್ಯಾಕ್ಸ್ ಬಾಹ್ಯಾಕಾಶ ನಿಲ್ದಾಣದಲ್ಲಿ ವಿಜ್ಞಾನದ ಅಧಿಕಾರಿ. ಅಲ್ಲಿಗೆ ಪ್ರಯೋಗ ಮಾಡಲು ಲೆನಾರಾ ಕಾನ್ ಎಂಬ ವಿಜ್ಞಾನಿ ಬರುತ್ತಾಳೆ. ಹಿಂದಿನ ಒಂದು ದೇಹದಲ್ಲಿ ಇವರಿಬ್ಬರೊಳಗಿನ ಜೀವಿಗಳು ಗಂಡ-ಹೆಂಡತಿಯಾಗಿದ್ದವು. ಗಂಡ ಅಪಘಾತದಲ್ಲಿ ಸತ್ತು ಸಂಸಾರ ಅರ್ಧಕ್ಕೇ ನಿಂತಿತ್ತು. ಈಗ ಇಬ್ಬರೂ ಹೆಂಗಸರು, ಹಳೆಯ ಪ್ರೀತಿ ತಿರುಗಿ ಚಿಗುರುತ್ತದೆ. ಆದರೆ ಟ್ರಿಲ್ ಸಮಾಜದ ಕಟ್ಟುನಿಟ್ಟಿನ ನಿಯಮ ಏನೆಂದರೆ, ಹಿಂದಿನ ಬಾಳಿನ ಸಂಗಾತಿಯ ಜೊತೆ ಈ ಬಾಳಿನಲ್ಲಿ ಸಂಬಂಧ ಕೂಡದು. ಮೀರಿದರೆ ಬಹಿಷ್ಕಾರ. ಬಹಿಷ್ಕಾರ ಅಂದರೆ ಒಳಗಿರುವ ಜೀವಿಗೆ ಮುಂದಿನ ದೇಹ ಸಿಗುವುದಿಲ್ಲ, ಇವರು ಸತ್ತಾಗ ಅದೂ ಸಾಯಬೇಕು. ನೂರಾರು ವರ್ಷದ ನೆನಪು ಮಣ್ಣು.

ಇದನ್ನು ನಾನು ಅಮ್ಮನ ಜೊತೆ ಕೂತು ನೋಡಿದೆ, ಪ್ರತಿ ಎರಡು ನಿಮಿಷಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾ. ಹುಳುವಿನ ಭಾಗ ಕೇಳಿ ಮುಖ ಸಿಂಡರಿಸಿದರು. ನಿಯಮದ ವಿಷಯ ಬಂದಾಗ ಮಾತ್ರ ಎದ್ದು ಕೂತರು.

“ಹೋದ ಜನ್ಮದಲ್ಲಿ ಗಂಡ-ಹೆಂಡ್ತಿ ಆಗಿದ್ದೋರು ಈ ಜನ್ಮದಲ್ಲಿ ಸೇರ್ಬಾರ್ದಾ? ನಮ್ಮಲ್ಲಿ ಏಳೇಳು ಜನ್ಮಕ್ಕೂ ಇವರೇ ಸಿಗ್ಲಿ ಅಂತ ಕೇಳ್ಕೋತಾರೆ. ಇವರದ್ದೇನೇ ಇದು, ಉಲ್ಟಾ?”

“ಅವರ ಶಾಸ್ತ್ರ ಅಮ್ಮ.”

“ಸಗೋತ್ರದ ಥರಾನಾ?”

“ಹೂಂ, ಹೆಚ್ಚುಕಮ್ಮಿ.”

“ಪಾಪ,” ಅಂದರು. ಲೆನಾರಾಳ ತಮ್ಮ ಬಂದು ಬುದ್ಧಿ ಹೇಳುವಾಗ ಅವನಿಗೆ ಬೈದರು. ಕಂತು ಮುಗಿದು, ಲೆನಾರಾ ಹಡಗು ಹತ್ತಿ ಹೊರಟುಹೋಗಿ, ಡ್ಯಾಕ್ಸ್ ಒಬ್ಬಳೇ ನಿಂತು ನೋಡುತ್ತಿರುವಾಗ ಅಮ್ಮನಿಗೆ ಬೇಜಾರಾಗಿತ್ತು. ಆಮೇಲೆ, ಕಾಫಿಗೆ ನೀರಿಡುವಾಗ ಹೇಳಿದರು: “ಅಲ್ವೇ, ಇಬ್ರೂ ಹೆಂಗಸ್ರೇ ಅಲ್ವಾ?” ಒಂದು ಗಳಿಗೆ ಬಿಟ್ಟು, “ನಮ್ಮ ಕಡೆ ಆಗಿದ್ರೆ ಮಾತೇ ಬೇರೆ.”

ಅಮ್ಮ ಬದಲಾದರು ಅಂತ ನಾನು ಹೇಳುತ್ತಿಲ್ಲ. ಆ ಕಂತು ಹೆಣೆದ ರೀತಿ ನೋಡಿ ಅಂತ ಹೇಳುತ್ತಿದ್ದೇನೆ. ಮುಕ್ಕಾಲು ಗಂಟೆಯಲ್ಲಿ ಆ ನಿಲ್ದಾಣದ ಒಬ್ಬರೇ ಒಬ್ಬರು ಇಬ್ಬರೂ ಹೆಂಗಸರು ಅನ್ನುವ ಮಾತು ಎತ್ತುವುದಿಲ್ಲ. ಜನ ಗುಸುಗುಸು ಅನ್ನೋದು, ಮನೆಯವರು ಕಂಗಾಲಾಗೋದು, ಮೇಲಧಿಕಾರಿ ಕರೆದು ಎಚ್ಚರಿಸೋದು ಎಲ್ಲ ಇದೆ, ಆದರೆ ಎಲ್ಲವೂ ಬೇರೆ ನಿಯಮಕ್ಕಾಗಿ. ಆ ನಿಯಮ ನಮ್ಮದಲ್ಲ, ಹಾಗಾಗಿ ಅದರ ಅನ್ಯಾಯ ತಕ್ಷಣ ಕಣ್ಣಿಗೆ ಬೀಳುತ್ತದೆ. ಪ್ರೀತಿಸುವವರ ಕಡೆಗೆ ನಿಂತುಬಿಟ್ಟ ಮೇಲಷ್ಟೇ ನಮ್ಮ ನಿಯಮ ನೆನಪಾಗುತ್ತದೆ. ಈ ಕಂತಿನ ನಿರ್ದೇಶಕರು ಏವರಿ ಬ್ರೂಕ್ಸ್, ಧಾರಾವಾಹಿಯಲ್ಲಿ ನಿಲ್ದಾಣದ ಮುಖ್ಯಸ್ಥ ಸಿಸ್ಕೋ ಆಗಿ ನಟಿಸಿದವರು.

ಅಮ್ಮ ಸಗೋತ್ರ ಅಂದದ್ದು ಸುಮ್ಮನೆ ಬಂದ ಮಾತಲ್ಲ. ಒಂದೇ ಗೋತ್ರದವರ ಮದುವೆಯನ್ನು ಕಾನೂನು ಒಪ್ಪಿದ್ದು 1946ರಲ್ಲಿ. ಇಷ್ಟು ವರ್ಷ ಆದರೂ ಜಾತಕದ ಜೊತೆ ಗೋತ್ರ ಕೇಳೋದು ನಿಂತಿಲ್ಲ. ಇನ್ನೊಂದು ಕಡೆ, ನನ್ನ ಅಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮ ಕಡೆ ಇದು ತೀರಾ ಮಾಮೂಲು. ‘ಮಾವನಿಗೇ ಕೊಟ್ಟರು’ ಅಂದರೆ ಮಾತು ಮುಗಿಯಿತು. ಹಿಂದೆ ನನ್ನ ಪಿಜಿಯಲ್ಲಿದ್ದ ದೆಹಲಿಯ ಹುಡುಗಿಗೆ ಇದನ್ನು ಹೇಳಿದಾಗ ಅವಳು ನನ್ನನ್ನು ನೋಡಿದ ರೀತಿ, ಅಮ್ಮ ಆ ಹುಳುವನ್ನು ನೋಡಿದ ಹಾಗೇ ಇತ್ತು. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ನೆಂಟಸ್ತಿಕೆಯ ಮದುವೆ ಕೂಡದು ಅನ್ನುತ್ತದೆ, ಸಂಪ್ರದಾಯ ಇದ್ದರೆ ಆಗಬಹುದು ಅಂತಲೂ ಅನ್ನುತ್ತದೆ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಹೋಗುತ್ತಿದ್ದದ್ದು ಅಪ್ಪನಿಂದ ಮಗನಿಗಲ್ಲ, ತಾಯಿಯ ಕಡೆಯಿಂದ. ಅನ್ಯಗ್ರಹ ಹುಡುಕೋದಕ್ಕೆ ತುಂಬಾ ದೂರ ಹೋಗಬೇಕಿಲ್ಲ.

ಅನ್ಯಗ್ರಹದ ಸಂಸಾರಗಳನ್ನು ಟಿವಿ ಬಹಳ ಸಲ ತಮಾಷೆಗೆ ಬಳಸಿಕೊಂಡಿದೆ. ‘ಎಂಟರ್‌ಪ್ರೈಸ್’ ಧಾರಾವಾಹಿಯ ಡಾಕ್ಟರ್ ಫ್ಲಾಕ್ಸ್‌ಗೆ ಮೂವರು ಹೆಂಡತಿಯರು, ಆ ಒಬ್ಬೊಬ್ಬರಿಗೂ ಅವನನ್ನು ಸೇರಿಸಿ ಮೂವರು ಗಂಡಂದಿರು. ಹೆಂಡತಿಯೊಬ್ಬಳು ಹಡಗಿನ ಎಂಜಿನಿಯರ್ ಮೇಲೆ ಕಣ್ಣು ಹಾಕುತ್ತಾಳೆ, ಎಂಜಿನಿಯರ್ ಬೆವರುತ್ತಾನೆ, ನಾವು ನಗುತ್ತೇವೆ. ಅಷ್ಟೇ. ಅಷ್ಟು ಜನರ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರೋರು ಯಾರು ಅನ್ನೋದನ್ನು ತೋರಿಸಲಿಲ್ಲ.

‘ದಿ ಎಕ್ಸ್‌ಪ್ಯಾನ್ಸ್’ ಹಾಗಲ್ಲ. ಅದರ ನಾಯಕ ಜೇಮ್ಸ್ ಹೋಲ್ಡನ್‌ಗೆ ಎಂಟು ಜನ ಅಪ್ಪ-ಅಮ್ಮಂದಿರು. ಎಂಟೂ ಜನರ ವಂಶವಾಹಿ ಸೇರಿಸಿ ಮಾಡಿದ ಮಗು ಅವನು, ಹೆತ್ತವಳು ಎಲೀಸ್. ಇದೇನು ಹುಚ್ಚು ಅನ್ನಿಸಬಹುದು. ಕಾರಣ ಕೇಳಿದರೆ ಯಾವ ಹಳ್ಳಿಯವರಿಗೂ ಅರ್ಥವಾಗುತ್ತದೆ: ಮೊಂಟಾನಾದಲ್ಲಿ ಇವರದ್ದೊಂದು ಜಮೀನಿದೆ, ಅದನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಒಬ್ಬ ವಾರಸುದಾರ ಬೇಕು. ಜಮೀನಿಗಾಗಿ ದತ್ತು ತೆಗೆದುಕೊಂಡ ಕಥೆಗಳನ್ನು ಕೇಳಿ ಬೆಳೆದವರು ನಾವು. ಆ ಮಗ ದೊಡ್ಡವನಾಗಿ ಜಮೀನೂ ಬೇಡ, ಊರೂ ಬೇಡ ಅಂತ ನೌಕರಿ ಹಿಡಿದು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತಾನೆ. ಎಂಟು ಜನರ ಆಸೆಯ ಭಾರ ಒಬ್ಬನ ತಲೆ ಮೇಲೆ. ಬೆಂಗಳೂರಿನ ಯಾವ ಪಿಜಿಯಲ್ಲಿ ಬೇಕಾದರೂ ಇಂಥ ಹೋಲ್ಡನ್‌ಗಳು ಸಿಗುತ್ತಾರೆ. ಸಂಸಾರದ ಆಕಾರವನ್ನು ಪೂರ್ತಿ ಬದಲಾಯಿಸಿ, ಒಳಗಿನ ಹೊರೆಯನ್ನು ಹಾಗೇ ಇಟ್ಟದ್ದರಿಂದ ಆ ಮನೆ ನಿಜ ಅನ್ನಿಸುತ್ತದೆ.

ನಡುವೆ ಒಂದು ಕೆಟ್ಟ ಚಾಳಿಯ ಬಗ್ಗೆ ಹೇಳಲೇಬೇಕು. ಸಲಿಂಗಿ ಪಾತ್ರಗಳನ್ನು ತೋರಿಸೋದಕ್ಕೆ ಧೈರ್ಯ ಬಂದ ಮೇಲೆ, ಅವರನ್ನು ಸಾಯಿಸೋದು ಶುರುವಾಯಿತು. ‘ದಿ ಹಂಡ್ರೆಡ್’ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ನಾಯಕಿ 2016ರ ಮಾರ್ಚ್‌ನಲ್ಲಿ ತಾನು ಪ್ರೀತಿಸಿದ ಕ್ಲಾರ್ಕ್ ಜೊತೆ ಒಂದಾಗುತ್ತಾಳೆ, ಅದೇ ಕಂತಿನಲ್ಲಿ, ಕೆಲವೇ ನಿಮಿಷದಲ್ಲಿ, ಬೇರೆ ಯಾರಿಗೋ ಹಾರಿಸಿದ ಗುಂಡಿಗೆ ಸಾಯುತ್ತಾಳೆ. ಅಭಿಮಾನಿಗಳು ರೊಚ್ಚಿಗೆದ್ದರು. ಬೈದು ಸುಮ್ಮನಾಗದೆ, ಸಲಿಂಗಿ ಹುಡುಗ-ಹುಡುಗಿಯರ ಆತ್ಮಹತ್ಯೆ ತಡೆಯಲು ಕೆಲಸ ಮಾಡುವ ಸಂಸ್ಥೆಗೆ ಹಣ ಸೇರಿಸಿ ಕೊಟ್ಟರು. ಕಥೆಯಲ್ಲಿ ಎಲ್ಲರೂ ಸಾಯುತ್ತಾರಲ್ಲ, ಇವರೊಬ್ಬರಿಗೆ ಏನು ವಿಶೇಷ ಅಂತ ಕೇಳೋರಿದ್ದಾರೆ. ನಿಮ್ಮಂಥವರು ಪರದೆಯ ಮೇಲೆ ನೂರು ಜನ ಇದ್ದರೆ ಒಬ್ಬರು ಸತ್ತದ್ದು ಕಥೆ. ಒಬ್ಬರೇ ಇದ್ದಾಗ ಅವರೂ ಸತ್ತರೆ ಅದು ಬೇರೇನನ್ನೋ ಹೇಳುತ್ತದೆ.

‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಗಳಿಗೆ ಮುಖ್ಯ ಪಾತ್ರಗಳಾಗಿ ಒಂದು ಸಲಿಂಗಿ ಜೋಡಿ ಬರಲು 2017 ಆಯಿತು, ಅಂದರೆ 51 ವರ್ಷ. ‘ಡಿಸ್ಕವರಿ’ಯ ಎಂಜಿನಿಯರ್ ಸ್ಟ್ಯಾಮೆಟ್ಸ್, ಡಾಕ್ಟರ್ ಕಲ್ಬರ್. ಅವರಿಬ್ಬರು ಜೋಡಿ ಅಂತ ಪ್ರೇಕ್ಷಕರಿಗೆ ಪಕ್ಕಾ ಆಗೋದು ಮುತ್ತಿನಿಂದಲ್ಲ. ರಾತ್ರಿ ಮಲಗುವ ಮುಂಚೆ ಇಬ್ಬರೂ ಪೈಜಾಮದಲ್ಲಿ ಕನ್ನಡಿ ಮುಂದೆ ನಿಂತು ಹಲ್ಲುಜ್ಜುತ್ತಾ ಆ ದಿನದ ಕಷ್ಟ ಮಾತಾಡಿಕೊಳ್ಳುತ್ತಾರೆ. ಅಷ್ಟೇ ದೃಶ್ಯ. ಒಬ್ಬನಿಗೆ ಇನ್ನೊಬ್ಬನ ಮೇಲೆ ಸಿಟ್ಟು, ಜೀವ ಪಣಕ್ಕಿಟ್ಟು ಪ್ರಯೋಗ ಮಾಡಿದೆಯಲ್ಲ ಅಂತ. ಅದು ಹೆಂಡತಿ ಗಂಡನಿಗೆ, ಹೆಲ್ಮೆಟ್ ಹಾಕದೆ ಹೋದದ್ದಕ್ಕೆ ತೋರಿಸುವ ಸಿಟ್ಟೇ. ನೂರು ಭಾಷಣ ಮಾಡದ ಕೆಲಸವನ್ನು ಎರಡು ಟೂತ್‌ಬ್ರಷ್ ಮಾಡಿತು. ಕೆಲವೇ ತಿಂಗಳಲ್ಲಿ ಕಲ್ಬರ್‌ನನ್ನೂ ಕೊಂದರು, ಹಳೆಯ ಚಾಳಿ. ಗಲಾಟೆಯಾಯಿತು. ಮುಂದಿನ ಸೀಸನ್‌ನಲ್ಲಿ ಅವನು ಮರಳಿ ಬಂದ.

2020ರಲ್ಲಿ ಅದೇ ಧಾರಾವಾಹಿಗೆ ಆಡಿರಾ ಎಂಬ ಹದಿಹರೆಯದ ಪಾತ್ರ ಬಂತು. ಗಂಡೂ ಅಲ್ಲ ಹೆಣ್ಣೂ ಅಲ್ಲ ಅಂತ ತಮ್ಮನ್ನು ಕರೆದುಕೊಳ್ಳುವವರು, ಆ ಪಾತ್ರ ಮಾಡಿದ ಬ್ಲೂ ಡೆಲ್ ಬಾರಿಯೋ ಕೂಡ ಹಾಗೇ. ತಮ್ಮನ್ನು ‘ಅವಳು’ ಅನ್ನಬೇಡಿ, ‘ಅವರು’ ಅನ್ನಿ ಅಂತ ಸ್ಟ್ಯಾಮೆಟ್ಸ್‌ಗೆ ಹೇಳುವ ಒಂದು ದೃಶ್ಯವಿದೆ. ಒಬ್ಬರಿಗೆ ಬಹುವಚನ ಹೇಗೆ ಅಂತ ಇಂಗ್ಲಿಷ್ ಜಗತ್ತು ಇದಕ್ಕಾಗಿ ಎಷ್ಟು ಜಗಳ ಆಡಿತು! ಕನ್ನಡದಲ್ಲಿ ನಾವು ಮೇಷ್ಟ್ರಿಗೂ ‘ಅವರು’, ಅತ್ತೆಗೂ ‘ಅವರು’, ಗೊತ್ತಿಲ್ಲದವರಿಗೆ ಮೊದಲೇ ‘ಅವರು’. ಸ್ವಲ್ಪ ಮರ್ಯಾದೆ ಕೊಟ್ಟರೆ ವ್ಯಾಕರಣ ತಾನಾಗಿ ಸರಿಹೋಗುತ್ತದೆ. ತಂದೆ-ತಾಯಿ ಇಲ್ಲದ ಆಡಿರಾಗೆ ಕ್ರಮೇಣ ಸ್ಟ್ಯಾಮೆಟ್ಸ್ ಮತ್ತು ಕಲ್ಬರ್ ಅಪ್ಪಂದಿರ ಹಾಗೆ ಆಗುತ್ತಾರೆ. ಯಾರೂ ದತ್ತು ಪತ್ರ ಬರೆಯುವುದಿಲ್ಲ. ಊಟಕ್ಕೆ ಬಂದೆಯಾ, ನಿದ್ದೆ ಮಾಡಿದೆಯಾ ಅಂತ ಕೇಳುತ್ತಾ ಕೇಳುತ್ತಾ ಸಂಬಂಧ ಆಗಿಹೋಗುತ್ತದೆ.

ಪತ್ರ ಬೇಕಾಗೋದು ಯಾವಾಗ ಅನ್ನೋದನ್ನು ತೋರಿಸಿದ್ದು ‘ಬ್ಲ್ಯಾಕ್ ಮಿರರ್’ ಸರಣಿಯ ‘ಸ್ಯಾನ್ ಜೂನಿಪೆರೊ’. 2016ರಲ್ಲಿ ಬಂದದ್ದು, ಮರುವರ್ಷ ಎರಡು ಎಮ್ಮಿ ಪ್ರಶಸ್ತಿ ಪಡೆಯಿತು. ಇನ್ನೂ ನೋಡಿಲ್ಲದವರು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ, ಕಥೆ ಪೂರ್ತಿ ಹೇಳುತ್ತಿದ್ದೇನೆ. 1980ರ ದಶಕದ ಒಂದು ಸಮುದ್ರತೀರದ ಊರಿನಲ್ಲಿ ಯಾರ್ಕಿ, ಕೆಲ್ಲಿ ಎಂಬ ಇಬ್ಬರು ಹುಡುಗಿಯರು ಭೇಟಿಯಾಗಿ ಪ್ರೀತಿಸುತ್ತಾರೆ. ಆ ಊರು ನಿಜವಲ್ಲ, ಕಂಪ್ಯೂಟರ್‌ನೊಳಗಿನದ್ದು. ವಯಸ್ಸಾದವರು, ಕಾಯಿಲೆಯವರು ಅಲ್ಲಿಗೆ ವಾರಕ್ಕೆ ಕೆಲವು ಗಂಟೆ ಹೋಗಿ ಯೌವನದಲ್ಲಿ ಓಡಾಡಿ ಬರಬಹುದು. ಸತ್ತ ಮೇಲೆ ಅಲ್ಲೇ ಉಳಿಯಬಹುದು. ನಿಜಲೋಕದಲ್ಲಿ ಇಬ್ಬರೂ ಮುದುಕಿಯರು. ಯಾರ್ಕಿ 21ನೇ ವಯಸ್ಸಿನಲ್ಲಿ ತನಗೆ ಹೆಣ್ಣೇ ಇಷ್ಟ ಅಂತ ಮನೆಯಲ್ಲಿ ಹೇಳಿದಳು, ಅವರು ಒಪ್ಪಲಿಲ್ಲ, ಆ ರಾತ್ರಿ ಕಾರು ಓಡಿಸಿಕೊಂಡು ಹೋಗಿ ಅಪಘಾತವಾಯಿತು. ಅಂದಿನಿಂದ ಹಾಸಿಗೆಯಲ್ಲೇ, ಬೆರಳೂ ಆಡುವುದಿಲ್ಲ. ದಯಾಮರಣಕ್ಕೆ ಮೂರು ಸಹಿ ಬೇಕು: ಡಾಕ್ಟರ್‌ದು, ಅವಳದ್ದು, ಮನೆಯವರದ್ದು. ಮನೆಯವರು ಹಾಕುವುದಿಲ್ಲ. ಹಾಗಾಗಿ ಅವಳು ಯಾರನ್ನಾದರೂ ಮದುವೆಯಾಗಬೇಕು, ಆಗ ಸಹಿ ಮಾಡುವ ಹಕ್ಕು ಅವರಿಗೆ ಹೋಗುತ್ತದೆ. ನೋಡಿಕೊಳ್ಳುವ ನರ್ಸ್ ಒಬ್ಬ ಬರೀ ಆ ಒಂದು ಸಹಿಗಾಗಿ ಮದುವೆಯಾಗಲು ಒಪ್ಪಿರುತ್ತಾನೆ. ಕೆಲ್ಲಿ ಬಂದು, ಅವನ ಬದಲು ನಾನಾಗುತ್ತೇನೆ ಅನ್ನುತ್ತಾಳೆ. ಮದುವೆ ಅನ್ನೋದನ್ನು ಇಷ್ಟು ಬಟಾಬಯಲಾಗಿ ತೋರಿಸಿದ ಪ್ರೇಮಕಥೆ ನಾನು ಬೇರೆ ನೋಡಿಲ್ಲ. ಅಲ್ಲಿ ಮದುವೆ ಅಂದರೆ ತಾಳಿಯಲ್ಲ, ಉಂಗುರವೂ ಅಲ್ಲ. ಕೊನೆಯ ಕಾಗದದ ಮೇಲೆ ಸಹಿ ಯಾರದ್ದು ಅನ್ನೋದು.

ಆ ಕಂತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಅದಕ್ಕೇ ನನಗೆ ಗೌರವ. ಕೆಲ್ಲಿ 49 ವರ್ಷ ರಿಚರ್ಡ್ ಎಂಬುವನ ಜೊತೆ ಬಾಳಿದವಳು. ಮಗಳು 39ಕ್ಕೇ ತೀರಿಕೊಂಡಳು, ಆಗಿನ್ನೂ ಈ ಕಂಪ್ಯೂಟರ್ ಸ್ವರ್ಗ ಇರಲಿಲ್ಲ. ಮಗಳಿಗೆ ಸಿಗದ್ದು ನನಗೂ ಬೇಡ ಅಂತ ಗಂಡ ಅಲ್ಲಿಗೆ ಹೋಗದೆ ಸತ್ತ. ಅವರಿಬ್ಬರನ್ನು ಬಿಟ್ಟು ನಾನು ಹೇಗೆ ಶಾಶ್ವತವಾಗಿ ಅಲ್ಲಿರಲಿ ಅಂತ ಕೆಲ್ಲಿ ಸಿಡಿಯುತ್ತಾಳೆ. ಹೊಸ ಪ್ರೀತಿ ಬಂದ ತಕ್ಷಣ ಹಳೆಯ ಸಂಸಾರ ಸುಳ್ಳಾಗುವುದಿಲ್ಲ. ಹೆಣ್ಣನ್ನು ಪ್ರೀತಿಸುವವಳ ಹಿಂದಿನ ಮದುವೆ ಬರೀ ನಾಟಕ ಅಂತ ತೋರಿಸೋದು ಸುಲಭವಿತ್ತು, ಬರೆದವರು ಆ ದಾರಿ ಹಿಡಿಯಲಿಲ್ಲ.

ನನ್ನ ಇಬ್ಬರು ಗೆಳತಿಯರು ಐದಾರು ವರ್ಷದಿಂದ ಒಟ್ಟಿಗಿದ್ದಾರೆ. ಬಾಡಿಗೆ ಮನೆ, ಎರಡು ಬೆಕ್ಕು, ಇಎಂಐ ಎಲ್ಲ ಒಟ್ಟಿಗೆ. ಎರಡು ವರ್ಷದ ಹಿಂದೆ ಒಬ್ಬಳು ಸ್ಕೂಟರ್‌ನಿಂದ ಬಿದ್ದು ತೊಡೆಮೂಳೆ ಮುರಿಯಿತು, ರಾಡ್ ಹಾಕಬೇಕಿತ್ತು. ಆಸ್ಪತ್ರೆಯ ಕೌಂಟರ್‌ನಲ್ಲಿ ಇನ್ನೊಬ್ಬಳಿಗೆ ಕೇಳಿದರು: “ನೀವು ಅವರಿಗೆ ಏನಾಗಬೇಕು?”

ಕನ್ನಡದಲ್ಲಿ ಸಂಬಂಧ ಕೇಳೋದೇ ಹೀಗೆ. ಯಾರು ಅಂತಲ್ಲ, ಏನಾಗಬೇಕು ಅಂತ. ಅವಳು ಒಂದು ಕ್ಷಣ ತಡೆದು “ಅಕ್ಕ” ಅಂದಳು. ಆಮೇಲೆ ಆಧಾರ್ ಕೇಳಿದರು, ಅಪ್ಪನ ಹೆಸರು ಹೊಂದಲಿಲ್ಲ. “ಕಸಿನ್” ಅಂತ ಬರೆದುಕೊಂಡರು. ಆಪರೇಷನ್‌ಗೆ ಒಪ್ಪಿಗೆಯ ಸಹಿ ಮಾತ್ರ ರಕ್ತಸಂಬಂಧಿಯದ್ದೇ ಬೇಕು ಅಂತ ಕೂತರು. ಅವಳ ಅಣ್ಣ ಶಿವಮೊಗ್ಗದಿಂದ ಬಂದು ಸಹಿ ಮಾಡುವವರೆಗೆ, ಎಂಟು ಗಂಟೆ, ಇವಳು ಕಾರಿಡಾರ್‌ನಲ್ಲಿ ಕೂತಿದ್ದಳು. ಆ ಅಣ್ಣ ಇವರಿಬ್ಬರ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇಂಥ ಪ್ರೀತಿ ಅಪರಾಧವಲ್ಲ ಅಂತ ಹೇಳಿತು. 2023ರ ಅಕ್ಟೋಬರ್ 17ರಂದು, ಮದುವೆಯ ಹಕ್ಕು ಕೊಡುವ ಕೆಲಸ ತನ್ನದಲ್ಲ, ಶಾಸನಸಭೆಯದ್ದು ಅಂತಲೂ ಹೇಳಿತು. ಆಮೇಲೆ 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ರೇಷನ್ ಕಾರ್ಡ್‌ಗೆ ಒಂದೇ ಮನೆಯವರೆಂದು ಪರಿಗಣಿಸಿ ಅಂತ ತಿಳಿಸಿತು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳೋದಕ್ಕೆ ಮದುವೆಯೊಂದೇ ದಾರಿಯಲ್ಲ ಅಂದಿತು. ಅಂದರೆ ಒಟ್ಟಿಗೆ ಅಕ್ಕಿ ತರಬಹುದು, ಒಟ್ಟಿಗೆ ದುಡ್ಡು ಇಡಬಹುದು. ಕಾರಿಡಾರ್‌ನಲ್ಲಿ ಕೂತವಳು ಏನಾಗಬೇಕು ಅನ್ನೋದಕ್ಕೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ಫಾರಂಗಳ ಒಳಗೆ ಕೆಲಸ ಮಾಡೋಳಾಗಿ ಹೇಳುತ್ತೇನೆ: ‘ಸಂಬಂಧ’ ಅನ್ನುವ ಡ್ರಾಪ್‌ಡೌನ್‌ಗೆ ಇನ್ನೊಂದು ಆಯ್ಕೆ ಸೇರಿಸಲು ಹತ್ತು ನಿಮಿಷ ಸಾಕು. ಸೇರಿಸಿ ಅಂತ ಹೇಳುವವರು ಬೇಕು.

ನಮ್ಮ ದೇಶದ್ದೇ ಆದ ಒಂದು ಧಾರಾವಾಹಿ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿತು. ಪ್ರಯಾಗ್ ಅಕ್ಬರ್ ಅವರ ಕಾದಂಬರಿಯನ್ನು ಆಧರಿಸಿ 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಲೈಲಾ’. ದೀಪಾ ಮೆಹ್ತಾ ನಿರ್ದೇಶಕರಲ್ಲೊಬ್ಬರು, ಹುಮಾ ಖುರೇಷಿ ನಾಯಕಿ. ಹತ್ತಿರದ ಭವಿಷ್ಯದ ಆರ್ಯಾವರ್ತ ಎಂಬ ದೇಶ, ಸಮುದಾಯಕ್ಕೊಂದು ಗೋಡೆ, ನೀರಿಗೂ ಬರ. ಹಿಂದೂ ಶಾಲಿನಿ ಮುಸ್ಲಿಂ ಹುಡುಗನನ್ನು ಮದುವೆಯಾಗಿದ್ದಾಳೆ. ಗಂಡನನ್ನು ಕೊಲ್ಲುತ್ತಾರೆ, ಅವಳನ್ನು ಶುದ್ಧೀಕರಣದ ಕೇಂದ್ರಕ್ಕೆ ಎಳೆದೊಯ್ಯುತ್ತಾರೆ, ‘ಮಿಶ್ರಿತ’ ರಕ್ತದ ಮಗಳು ಎಲ್ಲಿ ಹೋದಳು ಅಂತ ಯಾರೂ ಹೇಳುವುದಿಲ್ಲ. ಇಲ್ಲಿ ಸರ್ಕಾರವೇ ಒಂದು ಸಂಬಂಧವನ್ನು ದಾಖಲೆಯಿಂದ ಅಳಿಸಿಹಾಕುತ್ತದೆ. ತಾಯಿ ಇನ್ನು ತಾಯಿಯಲ್ಲ. ಕೆಲವು ಕಂತು ಎಳೆದ ಹಾಗಿದೆ, ಹಳ್ಳಿ-ಕೊಳೆಗೇರಿ ತೋರಿಸುವಾಗ ಸ್ವಲ್ಪ ಕೃತಕ ಅನ್ನಿಸಿತು. ಆದರೂ ಅಮೆರಿಕದ ಕಥೆಗಳಿಗೆ ಹೊಳೆಯದ ಒಂದು ವಿಷಯ ಇದಕ್ಕೆ ಗೊತ್ತು: ನಮ್ಮಲ್ಲಿ ಯಾರನ್ನು ಪ್ರೀತಿಸಬಹುದು ಅನ್ನೋದು ಗಂಡು-ಹೆಣ್ಣಿನ ಲೆಕ್ಕಕ್ಕಿಂತ ಮೊದಲು ಜಾತಿ-ಧರ್ಮದ ಲೆಕ್ಕ. ಒಂದೇ ಸೀಸನ್, ಆರು ಕಂತು, ಕಥೆ ನಡುದಾರಿಯಲ್ಲಿ ನಿಂತಿದೆ.

ನೋಡಬೇಕು ಅನ್ನಿಸಿದವರಿಗೆ ಒಂದು ಮಾತು. ‘ಸ್ಯಾನ್ ಜೂನಿಪೆರೊ’ ಒಂದೇ ಗಂಟೆಯದ್ದು, ಹಿಂದಿನದ್ದೇನೂ ಗೊತ್ತಿರಬೇಕಿಲ್ಲ, ಮೂರನೇ ಸೀಸನ್‌ನ ನಾಲ್ಕನೇ ಕಂತು. ‘ರಿಜಾಯಿನ್ಡ್’ ನಾಲ್ಕನೇ ಸೀಸನ್‌ನಲ್ಲಿದೆ, ಹುಳುವಿನ ವಿಷಯ ಮೊದಲೇ ಗೊತ್ತಿದ್ದರೆ ಸಾಕು. ‘ಎಕ್ಸ್‌ಪ್ಯಾನ್ಸ್’ಗೆ ಪುರುಸೊತ್ತು ಬೇಕು, ಮೊದಲ ನಾಲ್ಕು ಕಂತು ತಾಳ್ಮೆಯೂ ಬೇಕು. ಮನೆಯವರ ಜೊತೆ ಕೂತು ನೋಡುವುದಾದರೆ ‘ರಿಜಾಯಿನ್ಡ್’ನಿಂದಲೇ ಶುರು ಮಾಡಿ. ಒಂದು ಮುತ್ತಿನ ದೃಶ್ಯ ಇದೆ, ರಿಮೋಟ್ ನಿಮ್ಮ ಕೈಯಲ್ಲೇ ಇಟ್ಟುಕೊಂಡಿರಿ, ಆದರೆ ಓಡಿಸಬೇಡಿ.